ಕಾಲೇಜು ಅಂಗಳದಿಂದ ವೃತ್ತಿಪರ ಕಣಕ್ಕೆ: ಫುಟ್‌ಬಾಲ್ ಆಟಗಾರನನ್ನು ನಡೆಸುವ ಶಕ್ತಿ ಯಾವುದು?

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ನಮಗೆ ಪರಿಚಿತವಾದ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು, ಎದುರಾಳಿಗಳನ್ನು ಭೇದಿಸಿ ಅಂಕಣದ ಕೊನೆ ಮುಟ್ಟಿಸುವ ಆಟವದು. ಅದರ ವೃತ್ತಿಪರ ಸಂಸ್ಥೆಯಾದ ನ್ಯಾಷನಲ್ ಫುಟ್‌ಬಾಲ್ ಲೀಗ್‌ಗೆ (ಎನ್‌ಎಫ್‌ಎಲ್) ಆಟಗಾರರನ್ನು ಒದಗಿಸುವುದು ಕಾಲೇಜುಗಳೇ. 1936ರಲ್ಲಿ ಆರಂಭವಾದ ‘ಡ್ರಾಫ್ಟ್’ ಎಂಬ ವಾರ್ಷಿಕ ಆಯ್ಕೆಯಲ್ಲಿ 32 ತಂಡಗಳು ಈಗ ಏಳು ಸುತ್ತುಗಳಲ್ಲಿ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಡ್ರಾಫ್ಟ್‌ಗೆ ಅರ್ಹರಾದ ಕಾಲೇಜು ಆಟಗಾರರಲ್ಲಿ ಈ ಘಟ್ಟ ತಲುಪುವವರು ಶೇ. 2ಕ್ಕಿಂತಲೂ ಕಡಿಮೆ.

ಆಯ್ಕೆಯಾದೊಡನೆ ಕೋಟ್ಯಂತರ ಹಣ, ಮತ್ತೇನು ಬೇಕು ಎಂಬುದು ಸಾಮಾನ್ಯ ಗ್ರಹಿಕೆ. ವಾಸ್ತವ ಅಷ್ಟು ಸರಳವಲ್ಲ.

ಸ್ಥಾನದ ಚಿಂತೆ

ಬೇಸಿಗೆಯ ತರಬೇತಿ ಶಿಬಿರಕ್ಕೆ ಪ್ರತಿ ತಂಡವೂ 90 ಮಂದಿಯನ್ನು ಕರೆದೊಯ್ಯುತ್ತದೆ. ಆಗಸ್ಟ್ ಅಂತ್ಯದ ವೇಳೆಗೆ ಮುಖ್ಯ ಪಟ್ಟಿಯಲ್ಲಿ ಉಳಿಯುವವರು 53 ಮಂದಿ ಮಾತ್ರ. ಆರಂಭದ ಸುತ್ತುಗಳಲ್ಲಿ ಆಯ್ಕೆಯಾದವರನ್ನು ಬಿಟ್ಟರೆ, ಉಳಿದವರ ನಾಲ್ಕು ವರ್ಷಗಳ ಒಪ್ಪಂದದ ಬಹುಪಾಲು ಹಣಕ್ಕೆ ಖಾತರಿಯಿಲ್ಲ. 2010ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್ ಆರು ವರ್ಷಗಳಿಗೆ 7.8 ಕೋಟಿ ಡಾಲರ್‌ಗಳ ಒಪ್ಪಂದ ಪಡೆದಿದ್ದರು. ಹೊಸಬರ ವೇತನಕ್ಕೆ ಮಿತಿ ಬಂದ 2011ರಲ್ಲಿ ಅದೇ ಗೌರವ ಗಳಿಸಿದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಗಳಿಗೆ ದೊರೆತದ್ದು ಸುಮಾರು 2.2 ಕೋಟಿ ಡಾಲರ್. ಅಂದಿನಿಂದ ಆಟಗಾರರ ಕಣ್ಣು ಎರಡನೆಯ ಒಪ್ಪಂದದ ಮೇಲೆ. ಅದಕ್ಕೂ ಮುನ್ನ ಮತ್ತೊಂದು ಮೆಟ್ಟಿಲಿದೆ: ಮೂರು ಋತುಗಳನ್ನು ಪೂರೈಸಿದವರಿಗೆ ಪಿಂಚಣಿಯ ಹಕ್ಕು.

ಉಪೇಕ್ಷೆಯೇ ಪ್ರೇರಣೆ

ಮಿಷಿಗನ್ ವಿಶ್ವವಿದ್ಯಾಲಯದ ಟಾಮ್ ಬ್ರಾಡಿ 2000ದಲ್ಲಿ ಆಯ್ಕೆಯಾದದ್ದು ಆರನೆಯ ಸುತ್ತಿನಲ್ಲಿ, 199ನೆಯವರಾಗಿ. ಅವರಿಗಿಂತ ಮೊದಲು ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾಗಿದ್ದರು. ಮುಂದೆ 23 ಋತುಗಳಲ್ಲಿ ಏಳು ಬಾರಿ ಸೂಪರ್ ಬೌಲ್ ಗೆದ್ದರೂ ಆ ದಿನದ ನೋವನ್ನು ಬ್ರಾಡಿ ಮರೆಯಲಿಲ್ಲ. ಕರ್ಟ್ ವಾರ್ನರ್ ಅವರನ್ನು 1994ರಲ್ಲಿ ಯಾವ ತಂಡವೂ ಆರಿಸಲಿಲ್ಲ. ಗ್ರೀನ್ ಬೇ ತಂಡದ ಶಿಬಿರದಿಂದಲೂ ಹೊರಬಿದ್ದ ಅವರು ಅಯೋವಾದ ದಿನಸಿ ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸಿದರು. 2000ದ ಜನವರಿಯಲ್ಲಿ ಅದೇ ವಾರ್ನರ್ ಸೇಂಟ್ ಲೂಯಿಸ್ ರ್‍ಯಾಮ್ಸ್ ತಂಡವನ್ನು ಗೆಲ್ಲಿಸಿ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ ಎನಿಸಿದರು.

ಮನೆಯ ಹೊಣೆ

ಹಲವರಿಗೆ ಪ್ರೇರಣೆ ಮೈದಾನದ ಹೊರಗಿದೆ. ಪೊಲೀಸ್ ಅಧಿಕಾರಿಯಾಗಿದ್ದ ವಾರಿಕ್ ಡನ್ ಅವರ ತಾಯಿ ಆರು ಮಕ್ಕಳನ್ನು ಒಬ್ಬರೇ ಸಾಕಿದವರು. 1993ರ ಜನವರಿಯಲ್ಲಿ, ಬಿಡುವಿನ ವೇಳೆಯ ಕಾವಲು ಕೆಲಸದಲ್ಲಿದ್ದಾಗ ದರೋಡೆಕೋರರ ಗುಂಡಿಗೆ ಬಲಿಯಾದರು. ಹದಿನೆಂಟು ವರ್ಷದ ಡನ್, ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡುತ್ತಲೇ ತಮ್ಮ-ತಂಗಿಯರಿಗೆ ಆಸರೆಯಾದರು. ಸ್ವಂತ ಮನೆ ಹೊಂದುವುದು ತಾಯಿಯ ಕನಸಾಗಿತ್ತು. 1997ರಲ್ಲಿ ಟ್ಯಾಂಪಾ ಬೇ ತಂಡ ಸೇರಿದ ಡನ್, ಅದೇ ವರ್ಷ ಒಂಟಿ ಪೋಷಕರಿಗೆ ಮನೆ ಕೊಳ್ಳಲು ಮುಂಗಡ ಹಣ ನೀಡಿ, ಮನೆಯನ್ನು ಸಜ್ಜುಗೊಳಿಸಿಕೊಡುವ ಯೋಜನೆ ಆರಂಭಿಸಿದರು. ಈವರೆಗೆ 200ಕ್ಕೂ ಹೆಚ್ಚು ಕುಟುಂಬಗಳು ಇದರ ನೆರವು ಪಡೆದಿವೆ.

ಬದಲಾದ ಕಾಲ

ಕಾಲೇಜು ಆಟಗಾರರು ತಮ್ಮ ಹೆಸರು ಹಾಗೂ ಚಿತ್ರದ ಬಳಕೆಯಿಂದ ಹಣ ಗಳಿಸಲು 2021ರ ಜುಲೈನಲ್ಲಿ ಅವಕಾಶ ದೊರೆಯಿತು. 2025ರ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಆದಾಯ ಹಂಚಬಹುದಾಗಿದೆ. ಹೀಗಾಗಿ ಖ್ಯಾತನಾಮರು ವೃತ್ತಿಪರರಾಗುವ ಮೊದಲೇ ಶ್ರೀಮಂತರಾಗುತ್ತಿದ್ದಾರೆ. ಹಣ ಮೊದಲೇ ಕೈಸೇರಿದವರಲ್ಲಿ ಹಿಂದಿನವರ ಹಸಿವು ಉಳಿದೀತೇ ಎಂಬ ಪ್ರಶ್ನೆ ಈಗ ತಂಡಗಳನ್ನು ಕಾಡುತ್ತಿದೆ. ಆದರೆ ಕಾಲೇಜಿನಲ್ಲಿ ಎಷ್ಟೇ ಗಳಿಸಿ ಬಂದರೂ, ಆಗಸ್ಟ್ ಕೊನೆಯಲ್ಲಿ ಆಟಗಾರನು ಸ್ಪರ್ಧಿಸಬೇಕಾದುದು ಅದೇ 53 ಸ್ಥಾನಗಳಿಗೆ.