ಅನ್ನನಾಳದ ಕ್ಯಾನ್ಸರ್: ಆಪರೇಷನ್‌ಗೆ ಮುಂಚಿನ ಚಿಕಿತ್ಸೆಗಳು

ಅನ್ನನಾಳದ ಕ್ಯಾನ್ಸರ್ ಎಂದು ತಿಳಿದ ಕೂಡಲೇ ಮನೆಯವರೆಲ್ಲ "ಮೊದಲು ಆಪರೇಷನ್ ಮಾಡಿಸಿಬಿಡೋಣ" ಎನ್ನುತ್ತಾರೆ. ವೈದ್ಯರು ಎರಡು-ಮೂರು ತಿಂಗಳು ಬೇರೆ ಚಿಕಿತ್ಸೆ ಹೇಳಿದರೆ ಕಾಲಹರಣವೆಂದು ಹೆದರುತ್ತಾರೆ. ಅದು ಕಾಲಹರಣವಲ್ಲ, ಚಿಕಿತ್ಸೆಯ ಅರ್ಧಭಾಗ. ಮಲ್ಲಾಪುರ, ಕಾರವಾರ, ಅಂಕೋಲಾ ಕಡೆಯ ಸಮಾಜಬಾಂಧವರ ತಿಳಿವಳಿಕೆಗಾಗಿ ಈ ಮಾಹಿತಿ.

ಯಾರಿಗೆ ಯಾವುದು?

ಎಂಡೋಸ್ಕೋಪಿ, ಬಯಾಪ್ಸಿ, ಸಿಟಿ ಅಥವಾ ಪೆಟ್ ಸಿಟಿ ಸ್ಕ್ಯಾನ್ ಆದ ಮೇಲೆ ದಾರಿ ನಿಶ್ಚಯವಾಗುತ್ತದೆ. ರೋಗ ಒಳಪದರದಲ್ಲಷ್ಟೇ ಇದ್ದರೆ ಎಂಡೋಸ್ಕೋಪಿಯಿಂದಲೇ ತೆಗೆಯಬಹುದು. ಗೋಡೆಯೊಳಗೆ ಆಳಕ್ಕೆ ಇಳಿದಿದ್ದರೆ ಅಥವಾ ಹತ್ತಿರದ ದುಗ್ಧಗ್ರಂಥಿಗಳಿಗೆ ತಲುಪಿದ್ದರೆ ಮೊದಲು ಔಷಧಿ, ಆಮೇಲೆ ಆಪರೇಷನ್. ಯಕೃತ್ತು, ಶ್ವಾಸಕೋಶಗಳಿಗೆ ಹರಡಿದ್ದರೆ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ.

1. ಕೀಮೋ ಮತ್ತು ರೇಡಿಯೇಷನ್ ಜೊತೆಯಾಗಿ: ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಸ್ಕ್ವಾಮಸ್ ಜಾತಿಗೆ ಇದು ಬಹಳವಾಗಿ ಬಳಕೆಯಲ್ಲಿದೆ. ವಾರಕ್ಕೊಮ್ಮೆ ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್. ವಾರಕ್ಕೆ ಐದು ದಿನ ರೇಡಿಯೇಷನ್. ಹೀಗೆ ಐದು ವಾರ. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಕ್ರಾಸ್ ಅಧ್ಯಯನದಲ್ಲಿ ನೇರ ಆಪರೇಷನ್ ಆದವರ ಮಧ್ಯಮ ಜೀವಿತಾವಧಿ 24 ತಿಂಗಳು; ಈ ಚಿಕಿತ್ಸೆ ಪಡೆದು ಆಪರೇಷನ್ ಆದವರದ್ದು ಸುಮಾರು 49 ತಿಂಗಳು.

2. ಕೀಮೋ ಮಾತ್ರ: ಅನ್ನನಾಳ ಜಠರ ಸೇರುವಲ್ಲಿ ಹೆಚ್ಚಾಗಿ ಬರುವ ಅಡಿನೊಕಾರ್ಸಿನೋಮಕ್ಕೆ ಫ್ಲಾಟ್ ಎಂಬ ನಾಲ್ಕು ಔಷಧಿಗಳ ಕೀಮೋ, ಎರಡು ವಾರಕ್ಕೊಮ್ಮೆ, ಆಪರೇಷನ್‌ಗೆ ಮೊದಲು ನಾಲ್ಕು ಸಲ, ನಂತರ ನಾಲ್ಕು ಸಲ. ಜರ್ಮನಿಯ ಎಸೋಪೆಕ್ ಅಧ್ಯಯನದಲ್ಲಿ (2025) ಈ ಜಾತಿಗೆ ಇದು ಕ್ರಾಸ್ ವಿಧಾನಕ್ಕಿಂತ ಉತ್ತಮ ಫಲ ಕೊಟ್ಟಿತು. ಶಕ್ತಿ ಕಡಿಮೆ ಇರುವ ವೃದ್ಧರಿಗೆ ಸಹಿಸುವುದು ಕಷ್ಟ.

ಚಿಕಿತ್ಸೆ ಮುಗಿದ ಮೇಲೆ ಕೆಲವು ವಾರ ಬಿಟ್ಟು, ಮತ್ತೆ ಸ್ಕ್ಯಾನ್ ನೋಡಿ ಆಪರೇಷನ್ ಮಾಡುತ್ತಾರೆ. ನುಂಗುವುದು ಸಲೀಸಾಯಿತೆಂದು ನಡುವೆ ಬಿಟ್ಟುಬಿಡಬಾರದು. ಒಳಗೆ ರೋಗ ಉಳಿದಿರಬಹುದು.

ಆಹಾರ ಮತ್ತು ವ್ರತ

ತೂಕ ಇಳಿದಷ್ಟೂ ಆಪರೇಷನ್ ಕಠಿಣ. ನುಂಗಲಾಗದಿದ್ದರೆ ಮೂಗಿನಿಂದ ಅಥವಾ ಹೊಟ್ಟೆಯ ಮೂಲಕ ನಳಿಕೆ ಹಾಕುತ್ತಾರೆ. ಹಾಲು, ತುಪ್ಪ ಬೆರೆಸಿದ ಗಂಜಿ, ಹೆಸರುಬೇಳೆ ಕಟ್ಟು, ರಾಗಿ ಅಂಬಲಿ ನಮ್ಮ ಆಹಾರದಲ್ಲೇ ಇವೆ. ಎಷ್ಟು ಬೇಕೆಂದು ಡಯಟಿಷಿಯನ್ ಹೇಳಲಿ. ರಾತ್ರಿಭೋಜನ ತ್ಯಾಗ ಇರುವವರು ಮೊದಲೇ ತಿಳಿಸಿದರೆ, ಸಾಧ್ಯವಿದ್ದಲ್ಲಿ ನಳಿಕೆಯ ಆಹಾರವನ್ನು ಹಗಲಿಗೇ ಹೊಂದಿಸಬಹುದು. ಈ ಅವಧಿಯಲ್ಲಿ ದಶಲಕ್ಷಣ ಪರ್ವ ಬಂದರೆ ಉಪವಾಸದ ಬದಲು ಸ್ವಾಧ್ಯಾಯ, ಜಪ ಸಾಕು. ಶಕ್ತಿಗೆ ತಕ್ಕ ತಪಸ್ಸೇ ಶಾಸ್ತ್ರಸಮ್ಮತ.

ಊಟ ಸೇರದ ಹಿರಿಯರನ್ನು ಕಂಡು ಕೆಲವರು ಸಲ್ಲೇಖನದ ಮಾತೆತ್ತುತ್ತಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ರೋಗದ ವಿಷಯದಲ್ಲಿ ಅದನ್ನು ಹೇಳುವುದು ಪ್ರತೀಕಾರವಿಲ್ಲದಾಗ. ಗುಣವಾಗುವ ಅವಕಾಶವಿರುವ ರೋಗಕ್ಕೆ ಆ ಮಾತು ಅನ್ವಯಿಸದು. ಸಂದೇಹವಿದ್ದರೆ ಮುನಿಗಳನ್ನೋ ಭಟ್ಟಾರಕರನ್ನೋ ಕೇಳಿ. ಅಲ್ಲಿಯತನಕ ಆಹಾರ ನಿಲ್ಲಿಸಬೇಡಿ.

ಎಲ್ಲಿ, ಹೇಗೆ?

ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ, ಬೆಂಗಳೂರಿನ ಕಿದ್ವಾಯಿ ನಮ್ಮವರು ಹೋಗಬಹುದಾದ ಜಾಗಗಳು. ಮಲ್ಲಾಪುರದಿಂದ ದಿನವೂ ಹೋಗಿಬರಲಾಗದು. ಐದು ವಾರ ಅಲ್ಲೇ ಉಳಿಯುವ ವ್ಯವಸ್ಥೆ, ಶುದ್ಧ ಅಡುಗೆಯ ಅನುಕೂಲ ಮೊದಲೇ ನೋಡಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ.

ವೈದ್ಯರನ್ನು ಕೇಳಬೇಕಾದದ್ದು: ಯಾವ ಜಾತಿ? ಯಾವ ಹಂತ? ಸರ್ಜನ್, ಕೀಮೋ, ರೇಡಿಯೇಷನ್ ವೈದ್ಯರು ಮೂವರೂ ಒಟ್ಟಿಗೆ ಕೂತು ನಿರ್ಧರಿಸಿದ್ದಾರೆಯೇ?

ಘನಪದಾರ್ಥ ನುಂಗುವಾಗ ಎರಡು ವಾರಕ್ಕಿಂತ ಹೆಚ್ಚು ಅಡ್ಡಿಯಾದರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಿರದೆ ಎಂಡೋಸ್ಕೋಪಿ ಮಾಡಿಸಿ. ಜೈ ಜಿನೇಂದ್ರ.