ಆಹಾರದಲ್ಲಿನ ಮೆಗ್ನೀಸಿಯಂ ಮತ್ತು ಮೂಳೆಗಳ ಆರೋಗ್ಯ

ಮೂಳೆಗಳ ಆರೋಗ್ಯವೆಂದೊಡನೆ ಸಾರ್ವಜನಿಕರಿಗೆ ನೆನಪಾಗುವುದು ಕ್ಯಾಲ್ಸಿಯಂ. ಅದರ ಜೊತೆಗೆ ಕಾರ್ಯ ನಿರ್ವಹಿಸುವ ಮೆಗ್ನೀಸಿಯಂ ಖನಿಜದ ಬಗ್ಗೆ ತಿಳಿವಳಿಕೆ ಕಡಿಮೆ. ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇದ್ದು, ಅದರ ಅರ್ಧಕ್ಕಿಂತ ಹೆಚ್ಚು ಭಾಗ ಮೂಳೆಗಳಲ್ಲಿರುತ್ತದೆ. ರಕ್ತದ ದ್ರವಾಂಶದಲ್ಲಿರುವುದು ಶೇ. 1ಕ್ಕಿಂತಲೂ ಕಡಿಮೆ. ಮೂಳೆಯು ಈ ಖನಿಜದ ಇಡುಗಂಟು ಎನ್ನಬಹುದು. ಆಹಾರದಿಂದ ದೊರೆಯುವ ಪ್ರಮಾಣ ಕಡಿಮೆಯಾದಲ್ಲಿ, ರಕ್ತದ ಮಟ್ಟವನ್ನು ಕಾಯ್ದುಕೊಳ್ಳಲು ಮೂಳೆಯಲ್ಲಿನ ಸಂಗ್ರಹ ಬಳಕೆಯಾಗುತ್ತದೆ. ಆದುದರಿಂದ ರಕ್ತ ಪರೀಕ್ಷೆಯ ವರದಿ ಸರಿಯಿದ್ದ ಮಾತ್ರಕ್ಕೆ ದೇಹದಲ್ಲಿ ಕೊರತೆಯಿಲ್ಲವೆಂದು ಹೇಳಲಾಗದು.

ಮೂಳೆಗಳ ಮೇಲಿನ ಪರಿಣಾಮ

ವಿಟಮಿನ್ ‘ಡಿ’ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಕ್ರಿಯಾಶೀಲ ರೂಪಕ್ಕೆ ಪರಿವರ್ತನೆಯಾಗಲು ಮೆಗ್ನೀಸಿಯಂ ಅವಶ್ಯಕ. ತೀವ್ರ ಕೊರತೆಯಿದ್ದಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನಿನ ಸ್ರವಿಕೆ ಕುಂಠಿತಗೊಂಡು ರಕ್ತದಲ್ಲಿನ ಕ್ಯಾಲ್ಸಿಯಂ ಇಳಿಯುತ್ತದೆ. ಇಂತಹ ರೋಗಿಗಳಿಗೆ ಕೇವಲ ಕ್ಯಾಲ್ಸಿಯಂ ನೀಡಿದರೆ ಪ್ರಯೋಜನವಾಗದು. ಮೆಗ್ನೀಸಿಯಂ ಕೊರತೆಯನ್ನೂ ನೀಗಿಸಬೇಕಾಗುತ್ತದೆ.

ಆದರೆ ಹೆಚ್ಚು ಸೇವಿಸಿದಷ್ಟೂ ಮೂಳೆ ಗಟ್ಟಿಯಾಗುವುದೆಂಬ ಪ್ರಚಾರಕ್ಕೆ ಆಧಾರ ಸಾಲದು. ಅಮೆರಿಕದಲ್ಲಿ ಋತುಬಂಧ ಕಳೆದ 73,684 ಮಹಿಳೆಯರನ್ನು ಗಮನಿಸಿ 2014ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ಹೆಚ್ಚು ಮೆಗ್ನೀಸಿಯಂ ಸೇವಿಸುತ್ತಿದ್ದವರ ಸೊಂಟದ ಮೂಳೆಯ ಸಾಂದ್ರತೆ ಸುಮಾರು ಶೇ. 3ರಷ್ಟು ಅಧಿಕವಾಗಿತ್ತು. ಆದಾಗ್ಯೂ ಅವರಲ್ಲಿ ಸೊಂಟದ ಮೂಳೆ ಮುರಿತ ಕಡಿಮೆಯಾಗಿರಲಿಲ್ಲ. ಮುಂಗೈ ಮತ್ತು ಮಣಿಕಟ್ಟಿನ ಮುರಿತ ತುಸು ಹೆಚ್ಚೇ ಕಂಡುಬಂದಿತು. ಕೊರತೆಯನ್ನು ತಪ್ಪಿಸುವುದು ಒಂದು ವಿಷಯ, ಅಗತ್ಯಕ್ಕಿಂತ ಹೆಚ್ಚು ಸೇವಿಸುವುದು ಬೇರೊಂದು ವಿಷಯ.

ದೈನಂದಿನ ಅಗತ್ಯ ಮತ್ತು ಆಹಾರ ಮೂಲಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕ ಪುರುಷರಿಗೆ ದಿನಕ್ಕೆ 440 ಮಿ.ಗ್ರಾಂ., ಮಹಿಳೆಯರಿಗೆ 370 ಮಿ.ಗ್ರಾಂ. ಅವಶ್ಯಕ. ನೂರು ಗ್ರಾಂ ರಾಗಿಯಲ್ಲಿ ಸುಮಾರು 146 ಮಿ.ಗ್ರಾಂ. ಮೆಗ್ನೀಸಿಯಂ ಇದೆ, ಜೊತೆಗೆ 364 ಮಿ.ಗ್ರಾಂ. ಕ್ಯಾಲ್ಸಿಯಂ ಸಹ ಇದೆ. ಅಷ್ಟೇ ತೂಕದ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಮೆಗ್ನೀಸಿಯಂ ಇರುವುದು ಸುಮಾರು 20 ಮಿ.ಗ್ರಾಂ. ಮಾತ್ರ, ಏಕೆಂದರೆ ಈ ಖನಿಜದ ಹೆಚ್ಚಿನ ಭಾಗ ತೌಡಿನೊಡನೆ ಹೊರಹೋಗುತ್ತದೆ. ಮುದ್ದೆ, ಜೋಳದ ರೊಟ್ಟಿ ಬಿಟ್ಟು ಮೂರು ಹೊತ್ತೂ ಬಿಳಿ ಅನ್ನವನ್ನೇ ಅವಲಂಬಿಸಿರುವ ಕುಟುಂಬಗಳು ಇದನ್ನು ಗಮನಿಸುವುದು ಸೂಕ್ತ. ಹುರುಳಿಕಾಳು, ಎಳ್ಳು, ಶೇಂಗಾ ಹಾಗೂ ದಂಟಿನ ಸೊಪ್ಪು ಸಹ ಉತ್ತಮ ಮೂಲಗಳು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಮೆಗ್ನೀಸಿಯಂ ಅಂಶವೂ ನಷ್ಟವಾಗುತ್ತದೆ. ಆ ಕಟ್ಟಿನಿಂದಲೇ ಬಸ್ಸಾರು ಮಾಡುವ ನಮ್ಮ ರೂಢಿ ಈ ದೃಷ್ಟಿಯಿಂದ ಮೆಚ್ಚತಕ್ಕದ್ದು. ಧಾನ್ಯಗಳಲ್ಲಿನ ಫೈಟೇಟ್ ಖನಿಜಗಳ ಹೀರಿಕೆಯನ್ನು ತಗ್ಗಿಸುವುದರಿಂದ, ರಾಗಿ ಮತ್ತು ಕಾಳುಗಳನ್ನು ಮೊಳಕೆ ಬರಿಸಿ ಉಪಯೋಗಿಸುವುದು ಒಳ್ಳೆಯದು.

ವಿಶೇಷ ಎಚ್ಚರಿಕೆ

ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಸಲಹೆಯಿಲ್ಲದೆ ಮೆಗ್ನೀಸಿಯಂ ಮಾತ್ರೆಗಳನ್ನಾಗಲಿ, ಮೆಗ್ನೀಸಿಯಂಯುಕ್ತ ಆಮ್ಲಶಾಮಕ ಅಥವಾ ವಿರೇಚಕಗಳನ್ನಾಗಲಿ ಸೇವಿಸಬಾರದು. ಹೆಚ್ಚುವರಿ ಅಂಶ ಹೊರಹೋಗದೆ ರಕ್ತದಲ್ಲಿ ಶೇಖರಗೊಂಡು ಹೃದಯ ಬಡಿತಕ್ಕೂ ಉಸಿರಾಟಕ್ಕೂ ಅಪಾಯ ಉಂಟಾಗಬಹುದು. ಒಮೆಪ್ರಜೋಲ್ ಮಾದರಿಯ ಮಾತ್ರೆಗಳನ್ನು ಒಂದು ವರ್ಷಕ್ಕೂ ಮೇಲ್ಪಟ್ಟು ಸೇವಿಸುತ್ತಿರುವವರಲ್ಲಿ ಹಾಗೂ ಮೂತ್ರ ಹೆಚ್ಚಿಸುವ ಕೆಲವು ಔಷಧಿಗಳನ್ನು ಬಳಸುವವರಲ್ಲಿ ಇದಕ್ಕೆ ವಿರುದ್ಧವಾಗಿ ಕೊರತೆ ಉಂಟಾಗಬಹುದು. ಸ್ನಾಯು ಸೆಳೆತ ಅಥವಾ ನಡುಕ ಕಂಡುಬಂದಲ್ಲಿ ಇಂತಹವರು ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು. ಮೂಳೆ ಸವೆತಕ್ಕೆ ಅಲೆಂಡ್ರೋನೇಟ್ ಸೇವಿಸುತ್ತಿರುವವರು ಅದೇ ಹೊತ್ತಿನಲ್ಲಿ ಮೆಗ್ನೀಸಿಯಂ ಮಾತ್ರೆ ಸೇವಿಸಿದಲ್ಲಿ ಔಷಧವು ಸರಿಯಾಗಿ ಹೀರಿಕೆಯಾಗುವುದಿಲ್ಲ; ಇವೆರಡರ ನಡುವೆ ಇರಬೇಕಾದ ಅಂತರವನ್ನು ವೈದ್ಯರಿಂದ ತಿಳಿದುಕೊಳ್ಳಬೇಕು.