ನ್ಯಾಯಾಧೀಶರ ಎರಡನೆಯ ಪೀಠ

ನ್ಯಾಯಪೀಠದಿಂದ ಇಳಿದವರ ಮುಂದಿನ ಬಾಳನ್ನು ಇತಿಹಾಸಕಾರರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವರ ತೀರ್ಪುಗಳು ಗ್ರಂಥಗಳಲ್ಲಿ ಉಳಿಯುತ್ತವೆ. ಅವರು ಮಾತ್ರ ವಿಶ್ರಾಂತಿಗೆ ಸರಿಯುತ್ತಾರೆ. ಅಮೆರಿಕದ ಉತ್ತರಭಾಗದ ವಿಸ್ಕಾನ್ಸಿನ್ ರಾಜ್ಯದಲ್ಲಿ ಇದಕ್ಕೆ ಹೊರತಾದ ಒಂದು ಪ್ರಯೋಗ ನಡೆಯಿತು. 2008ರಿಂದ 2016ರವರೆಗೆ ಅಲ್ಲಿನ ಚುನಾವಣೆಗಳ ಮೇಲ್ವಿಚಾರಣೆಯನ್ನೂ ಜನಪ್ರತಿನಿಧಿಗಳ ನಡತೆಯ ಕಾವಲನ್ನೂ ಆರು ಮಂದಿ ಮಾಜಿ ನ್ಯಾಯಾಧೀಶರಿಗೆ ಒಪ್ಪಿಸಲಾಗಿತ್ತು. ಅವರಲ್ಲೊಬ್ಬರಾದ ಡೇವಿಡ್ ಡೈನಿಂಗರ್ ಅವರ ವಿಷಯವನ್ನು ಹೇಳಬೇಕೆಂಬುದು ನನ್ನ ಉದ್ದೇಶ. ಆದರೆ ಆ ಮಂಡಲಿ ಹುಟ್ಟಿದ ಬಗೆಯನ್ನು ಅರಿಯದೆ ಅವರ ಕಥೆ ತಿಳಿಯದು.

2001ರಲ್ಲಿ ರಾಜಧಾನಿ ಮ್ಯಾಡಿಸನ್ನಿನ ಪತ್ರಿಕೆಯೊಂದು ಒಂದು ಗುಟ್ಟನ್ನು ಬಯಲಿಗೆಳೆಯಿತು. ಶಾಸಕಪಕ್ಷಗಳ ನೆರವಿಗೆಂದು ಸರ್ಕಾರಿ ಸಂಬಳದ ಮೇಲೆ ನೇಮಿಸಿದ್ದ ನೌಕರರು ಕಚೇರಿಯ ವೇಳೆಯಲ್ಲೇ ಚುನಾವಣಾ ಪ್ರಚಾರದ ಕೆಲಸ ಮಾಡುತ್ತಿದ್ದರು. ಇದರಲ್ಲಿ ರಿಪಬ್ಲಿಕನ್, ಡೆಮಾಕ್ರಟಿಕ್ ಎಂಬ ಭೇದವೇನೂ ಇರಲಿಲ್ಲ. ಮರುವರ್ಷ ಎರಡೂ ಪಕ್ಷಗಳ ಮುಂದಾಳುಗಳ ಮೇಲೆ ಮೊಕದ್ದಮೆ ಹೂಡಲಾಯಿತು. ಕೆಳಮನೆಯ ಸಭಾಧ್ಯಕ್ಷರೂ ಮೇಲ್ಮನೆಯ ಬಹುಮತಪಕ್ಷದ ನಾಯಕರೂ ಆಪಾದಿತರಾದರು. ಆಗ ಚುನಾವಣೆಗೊಂದು, ನೀತಿಸಂಹಿತೆಗೊಂದು ಎಂದು ಎರಡು ಬೇರೆ ಬೇರೆ ಮಂಡಲಿಗಳಿದ್ದವು. ಕಣ್ಣೆದುರಿನ ಅಕ್ರಮವನ್ನು ತಡೆಯಲು ಎರಡರಿಂದಲೂ ಆಗಿರಲಿಲ್ಲ. ಕಡೆಗೆ 2007ರಲ್ಲಿ ವಿಧಾನಮಂಡಲವು ಬಹುಮಟ್ಟಿಗೆ ಅವಿರೋಧವಾಗಿ ಎರಡನ್ನೂ ಕೂಡಿಸಿ, ಹೊಣೆಗಾರಿಕೆಯ ಮಂಡಲಿ ಎಂದು ನಾವು ಕರೆಯಬಹುದಾದ ಹೊಸ ಸಂಸ್ಥೆಯನ್ನು ಕಟ್ಟಿತು.

ಅದರ ರಚನೆಯಲ್ಲಿದ್ದ ಜಾಣತನ ನನಗೆ ಬಹಳ ಮೆಚ್ಚಿಗೆಯಾದದ್ದು. ನಾಲ್ವರು ಅಪೀಲು ನ್ಯಾಯಾಧೀಶರ ಸಮಿತಿ ಹೆಸರುಗಳನ್ನು ಸೂಚಿಸಬೇಕು, ಗವರ್ನರರು ಆ ಪಟ್ಟಿಯಿಂದಲೇ ಆರಿಸಬೇಕು, ಸೆನೆಟ್ ಒಪ್ಪಬೇಕು. (ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ, ಜನರೇ ಚುನಾಯಿಸಿದ, ನಮ್ಮ ಮುಖ್ಯಮಂತ್ರಿಯಷ್ಟು ಅಧಿಕಾರವುಳ್ಳ ವ್ಯಕ್ತಿ.) ಅಧ್ಯಕ್ಷರು ಯಾರೆಂಬುದನ್ನು ವರ್ಷವರ್ಷವೂ ಚೀಟಿ ಎತ್ತಿ ತೀರ್ಮಾನಿಸಬೇಕು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ತನಿಖೆಯ ಖರ್ಚಿಗಾಗಿ ಮಂಡಲಿಯು ಪ್ರತಿಸಲವೂ ಶಾಸಕರ ಮುಂದೆ ಕೈಯೊಡ್ಡಬೇಕಾಗಿರಲಿಲ್ಲ. ತನಿಖೆಗೆ ಒಳಗಾಗಬಹುದಾದವರ ಹತ್ತಿರವೇ ತನಿಖೆಯ ಹಣದ ಚೀಲವಿದ್ದರೆ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಮಂಡಲಿ ಕಾಯುತ್ತಿದ್ದ ಕಟ್ಟಳೆಗಳೂ ಸೌಮ್ಯವಾದವಲ್ಲ. ಹಿತಾಸಕ್ತಿಗಳ ಪರವಾಗಿ ಶಾಸಕರನ್ನು ಕಾಣಬರುವ ವಕಾಲತ್ತುದಾರ ಅವರಿಗೆ ಒಂದು ಬಟ್ಟಲು ಕಾಫಿಯನ್ನೂ ಕುಡಿಸುವಂತಿರಲಿಲ್ಲ. ಅತಿಥಿಗೆ ಕಾಫಿ ಕೊಡದೆ ಕಳುಹಿಸುವುದೇ ಅಪಚಾರವೆಂದು ತಿಳಿದ ನಮಗೆ ಇದು ವಿಚಿತ್ರವಾಗಿ ಕಂಡೀತು.

ಡೈನಿಂಗರ್ ಅವರು ರಾಜಕೀಯವನ್ನು ಅರಿಯದ ಸಾಧುಗಳೇನಲ್ಲ. ರಿಪಬ್ಲಿಕನ್ ಪಕ್ಷದಿಂದ ಕೆಳಮನೆಗೆ ಗೆದ್ದು ಬಂದವರು. ಅನಂತರ ಕೌಂಟಿ ನ್ಯಾಯಾಧೀಶರಾಗಿ, ಮುಂದೆ ರಾಜ್ಯದ ಅಪೀಲು ನ್ಯಾಯಾಲಯದಲ್ಲಿ ಕುಳಿತವರು. 2012ರಲ್ಲಿ ಅಧ್ಯಕ್ಷಪದವಿ ಚೀಟಿಯ ಮೂಲಕ ಅವರ ಪಾಲಿಗೆ ಬಂದಿತು. ಆ ವರ್ಷ ಅದು ಯಾರೂ ಬಯಸುವಂಥ ಪದವಿಯಾಗಿರಲಿಲ್ಲ.

2011ರಲ್ಲಿ ರಿಪಬ್ಲಿಕನ್ ಗವರ್ನರ್ ಸ್ಕಾಟ್ ವಾಕರ್ ಸರ್ಕಾರಿ ನೌಕರರ ಸಂಘಗಳ ಚೌಕಾಸಿಯ ಹಕ್ಕನ್ನು ಬಹುಪಾಲು ಕಿತ್ತುಹಾಕುವ ಕಾನೂನನ್ನು ತಂದಿದ್ದರು. ಮ್ಯಾಡಿಸನ್ನಿನ ಶಾಸನಭವನವನ್ನು ಪ್ರತಿಭಟನೆಕಾರರು ತುಂಬಿಬಿಟ್ಟರು. ಚುನಾಯಿತನನ್ನು ಅವಧಿಗೆ ಮೊದಲೇ ಹಿಂದಕ್ಕೆ ಕರೆಯುವ ಹಕ್ಕು, ಎಪ್ಪತ್ತರ ದಶಕದಲ್ಲಿ ಜಯಪ್ರಕಾಶ ನಾರಾಯಣರು ನಮ್ಮಲ್ಲಿ ಕೇಳಿದ್ದ ಹಕ್ಕು, ಅಲ್ಲಿನ ಮತದಾರರಿಗೆ ಆಗಲೇ ಇತ್ತು. ಅದಕ್ಕೆ 60 ದಿನಗಳೊಳಗೆ 5,40,208 ಸಹಿಗಳು ಬೇಕಾಗಿದ್ದವು. 2012ರ ಜನವರಿಯಲ್ಲಿ ಹಾಳೆಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಮಂಡಲಿಗೆ ಬಂದವು.

ಸಹಿಗಳನ್ನು ಆಕ್ಷೇಪ ಬರುವತನಕ ಸರಿಯೆಂದೇ ಭಾವಿಸಬೇಕು, ತಪ್ಪೆಂದು ತೋರಿಸುವ ಹೊಣೆ ಪದವಿಯಲ್ಲಿರುವವರದು ಎಂಬುದು ಮಂಡಲಿಯ ನಿಲುವು. ಗವರ್ನರರ ಕಡೆಯವರು ನ್ಯಾಯಾಲಯಕ್ಕೆ ಹೋದರು. ಎರಡೆರಡು ಸಲ ಬಂದ ಹೆಸರುಗಳನ್ನೂ ಕಟ್ಟುಹೆಸರುಗಳನ್ನೂ ಮಂಡಲಿಯೇ ಹುಡುಕಿ ತೆಗೆಯಲು ಇನ್ನಷ್ಟು ಶ್ರಮಿಸಬೇಕೆಂದು ಅಲ್ಲಿ ತೀರ್ಪಾಯಿತು. ತಾತ್ಕಾಲಿಕ ನೌಕರರನ್ನು ಕೂಡಿಸಿ ಹಾಳೆ ಹಾಳೆಯನ್ನೂ ನೋಡಿದ್ದಾಯಿತು. ಮಾರ್ಚ್ 30ರಂದು ಒಂಬತ್ತು ಲಕ್ಷಕ್ಕೂ ಮೇಲ್ಪಟ್ಟ ಸಹಿಗಳು ಸಿಂಧುವೆಂದು ಮಂಡಲಿ ಸಾರಿತು. ಜೂನ್ 5ರ ಮತದಾನದಲ್ಲಿ ವಾಕರ್ ಗೆದ್ದರು. ಹಿಂದಕ್ಕೆ ಕರೆಯುವ ಚುನಾವಣೆಯನ್ನು ದಾಟಿ ಉಳಿದ ಮೊದಲನೆಯ ಅಮೆರಿಕನ್ ಗವರ್ನರ್ ಅವರೇ.

ಗೆದ್ದವರ ಮನಸ್ಸು ಹಗುರಾಗಬೇಕಾಗಿತ್ತು, ಆಗಲಿಲ್ಲ. ಚುನಾವಣೆ ನಡೆಯಲು ಬಿಟ್ಟದ್ದೇ ಮಂಡಲಿಯ ಅಪರಾಧವೆಂಬಂತೆ ಆ ಪಕ್ಷದಲ್ಲಿ ಮಾತು ಬೆಳೆಯಿತು. 2013ರಲ್ಲಿ ಡೈನಿಂಗರ್ ಅವರ ಹೆಸರು ಸೆನೆಟ್ಟಿನ ಒಪ್ಪಿಗೆಯ ಮುಂದಿದ್ದಾಗ ಅಡ್ಡಿ ಬಂದದ್ದು ಅವರು ಹಿಂದೆ ಪ್ರತಿನಿಧಿಸಿದ್ದ ಪಕ್ಷದವರಿಂದಲೇ. ಗವರ್ನರರು ಹೆಸರನ್ನು ಹಿಂದಕ್ಕೆ ತೆಗೆದುಕೊಂಡರು. ಮತದಾರರು ಗವರ್ನರರನ್ನು ಹಿಂದಕ್ಕೆ ಕರೆಯಲಿಲ್ಲ. ಹಿಂದಕ್ಕೆ ಹೋದವರು ನ್ಯಾಯಾಧೀಶರು.

ಮಂಡಲಿ ನಿರ್ದುಷ್ಟವಾಗಿತ್ತೆಂದು ನಾನು ವಾದಿಸುವುದಿಲ್ಲ. ಕೆಲಸಗಳಲ್ಲಿನ ವಿಳಂಬಗಳನ್ನು 2014ರ ಲೆಕ್ಕಪರಿಶೋಧನೆಯ ವರದಿ ಎತ್ತಿ ತೋರಿಸಿತು. ಪ್ರಚಾರಸಮಿತಿಗಳಿಗೂ ಹೊರಗಿನ ಗುಂಪುಗಳಿಗೂ ಇದ್ದ ಹೊಂದಾಣಿಕೆಯ ಬಗ್ಗೆ ಅದು ಕೈಜೋಡಿಸಿದ್ದ ತನಿಖೆಯನ್ನು 2015ರ ಜುಲೈಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿತು. ಆದರೆ ಯಂತ್ರದ ಒಂದು ಗಾಲಿ ಕಿರುಗುಟ್ಟಿದರೆ ಎಣ್ಣೆ ಹಾಕುತ್ತಾರೆ. ಇಲ್ಲಿ ಯಂತ್ರವನ್ನೇ ಬಿಚ್ಚಿದರು. 2015ರ ಡಿಸೆಂಬರಿನಲ್ಲಿ ವಾಕರ್ ಅವರ ರುಜು ಬಿದ್ದಿತು. 2016ರ ಜೂನ್ 30ಕ್ಕೆ ಮಂಡಲಿ ಮುಗಿಯಿತು. ಅದರ ಸ್ಥಾನದಲ್ಲಿ ಚುನಾವಣೆಗೊಂದು, ನೀತಿಗೊಂದು ಎಂದು ಮತ್ತೆ ಎರಡು ಆಯೋಗಗಳು ಬಂದವು. ಎರಡರಲ್ಲೂ ಆರಾರು ಸದಸ್ಯರು, ಪಕ್ಷಕ್ಕೆ ಮೂವರಂತೆ. ನೀತಿ ಆಯೋಗದಲ್ಲಿ ಮಾಜಿ ನ್ಯಾಯಾಧೀಶರಿಗೆಂದು ಎರಡು ಕುರ್ಚಿಗಳನ್ನು ಉಳಿಸಿದರು: ಒಂದು ಆ ಪಕ್ಷದ ಪಟ್ಟಿಯಿಂದ ಬಂದವರಿಗೆ, ಇನ್ನೊಂದು ಈ ಪಕ್ಷದ ಪಟ್ಟಿಯಿಂದ ಬಂದವರಿಗೆ.